ಒಟ್ಟಿಗೆ ಎತ್ತಿದ ಲೋಟ

ಹದಿನೆಂಟನೇ ತಾರೀಕು ಬೆಳಿಗ್ಗೆ 11.20ಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಹೊರಗೋಡೆಗೆ ಬಣ್ಣ ಬಳಿಯುವ ಅವಳ ಗಂಡ ಹಿಂದಿನ ದಿನ ತೂಗುಹಲಗೆಯ ಹಗ್ಗ ಹರಿದು ಎರಡನೇ ಮಹಡಿಯಿಂದ ಬಿದ್ದಿದ್ದ. ಇನ್ನೂ ಎಚ್ಚರವಿರಲಿಲ್ಲ.

"ಹರಿದಿದ್ದಲ್ಲ ಮೇಡಂ, ಕೊಯ್ದಿದ್ದು. ಜೊತೆಗೆ ಬಣ್ಣ ಬಳಿಯೋ ಉದ್ದಣ್ಣನ ಮೇಲೇ ನನಗೆ ಅನುಮಾನ. ಮೊನ್ನೆ ಇಬ್ಬರೂ ಜಗಳ ಆಡಿದ್ರು."

FIR ದಾಖಲಿಸಿ ಇನ್ಸ್‌ಪೆಕ್ಟರ್ ದಫೇದಾರರೊಂದಿಗೆ ಸ್ಥಳಕ್ಕೆ ಹೋದರು. ಹಗ್ಗದ ಮೂರು ಎಳೆಗಳಲ್ಲಿ ಎರಡನ್ನು ಚಾಕುವಿನಿಂದ ಕೊಯ್ಯಲಾಗಿದೆ ಎಂದು ಪಂಚನಾಮೆಯಾಯಿತು. ಛಾವಣಿಯ ಬೀಗದ ಕೈ ಇದ್ದದ್ದು ಇಬ್ಬರ ಬಳಿ: ಉದ್ದಣ್ಣ, ಮತ್ತು ಹಗ್ಗ ಕಟ್ಟುವ ಕೆಲಸದವನು. ಈ ಎರಡನೆಯವನು ದೂರು ಕೊಟ್ಟವಳ ಸ್ವಂತ ತಮ್ಮ.

"ಜಗಳ ಯಾಕೆ?"

"ಬಣ್ಣಕ್ಕೆ ನೀರು ಜಾಸ್ತಿ ಹಾಕ್ದ, ಬೈದೆ," ಎಂದ ಉದ್ದಣ್ಣ. "ದಿನಾ ಬೈತೀನಿ. ಅವನೇನು ಕಮ್ಮಿನಾ?"

ಆ ಕಟ್ಟಡದ ಕ್ಯಾಂಟೀನಿನ ಕ್ಯಾಮೆರಾದಲ್ಲಿ ಧ್ವನಿಯಿರಲಿಲ್ಲ. ಬೀಳುವ ಹಿಂದಿನ ದಿನದ ಚಹಾ ಹೊತ್ತಿನಲ್ಲಿ ಬಾವ, ಬಾಮೈದ, ಉದ್ದಣ್ಣ ಮೂವರೂ ಒಂದೇ ಬೆಂಚು. ಉದ್ದಣ್ಣ ಅರ್ಧ ಬೆನ್ನು ತಿರುಗಿಸಿ ಕಾಲು ಚಾಚಿದ್ದ.

"ಮುಖ ಕೂಡ ನೋಡಲ್ಲ ನೋಡಿ," ಎಂದರು ದಫೇದಾರರು. "ಬಾಮೈದ ಆದ್ರೆ ಬಾವ ಲೋಟ ಎತ್ತಿದ್ರೆ ಎತ್ತುತ್ತಾನೆ, ಇಳಿಸಿದ್ರೆ ಇಳಿಸ್ತಾನೆ. ಎರಡು ದೇಹ, ಒಂದೇ ಜೀವ!"

"ತಿಂಗಳ ಮೊದಲಿನಿಂದ ಹಾಕಿ," ಎಂದರು ಇನ್ಸ್‌ಪೆಕ್ಟರ್.

ಮೊದಲ ವಾರ ಬಾಮೈದನೂ ಮನಸ್ಸು ಬಂದಂತೆ ಕೂತಿದ್ದ. ಒಮ್ಮೆ ಬಾವನ ಹೆಗಲ ಮೇಲೆ ತೂಕಡಿಸಿದ್ದ. ಒಂಬತ್ತನೇ ತಾರೀಕಿನಿಂದ ವರಸೆ ಬದಲು. ಬಾವ ವಾಲಿದರೆ ವಾಲುವನು, ಗದ್ದ ಕೆರೆದರೆ ಕೆರೆಯುವನು.

"ನಂಬಿಕೆ ಇರೋನು ಬೆನ್ನು ಹಾಕಿ ಕೂರ್ತಾನೆ ರೀ," ಎಂದರು ಇನ್ಸ್‌ಪೆಕ್ಟರ್. "ಇವನು ಏನೋ ಹೆದರಿ ಬಾವನ ಮೇಲೇ ಕಣ್ಣಿಟ್ಟು ಕೂತಿದಾನೆ."

"ಕೋರ್ಟು ಒಪ್ಪಬೇಕಲ್ಲ?"

"ಒಪ್ಪಲ್ಲ. ಚಾಕು ಹುಡುಕಿ."

ಇಪ್ಪತ್ತರ ಮಧ್ಯಾಹ್ನ, ಬಾಮೈದನ ಖಾನೆಯಲ್ಲಿದ್ದ ಬಣ್ಣದ ಡಬ್ಬಿಯೊಳಗೆ ಚಾಕು ಸಿಕ್ಕಿತು. ಹಿಡಿಯ ಸಂದಿಯಲ್ಲಿ ಹಗ್ಗದ ನಾರು. ವಿಚಾರಣೆಗೆ ಕೂತವನು ಇನ್ಸ್‌ಪೆಕ್ಟರ್ ಮೊಣಕೈ ಊರಿದರೆ ತಾನೂ ಊರಿದ. ಅವರು ಹಿಂದಕ್ಕೆ ಒರಗಿದಾಗ ತಾನೂ ಒರಗಿದ.

"ಒಂಬತ್ತನೇ ತಾರೀಕು ಬಾವ ಏನಂದ್ರು?"

ಅವನ ಕೈಕಾಲು ನಿಂತಲ್ಲೇ ನಿಂತವು.

"ನಂಗೆ ಕಣ್ಣು ಮಂಜಾಗಿದೆ. ಗಂಟು ತಡವಿ ಕಟ್ಟೋದು ನೋಡಿಬಿಟ್ರು. 'ಮೇಸ್ತ್ರಿಗೆ ನೀನೇ ಹೇಳು, ಇಲ್ಲಾಂದ್ರೆ ನಾನು ಹೇಳ್ತೀನಿ' ಅಂದ್ರು. ಈ ಕೆಲಸ ಬಿಟ್ರೆ ನಂಗೇನು ಬರುತ್ತೆ? ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ದಿನಾ ಮುಖ ನೋಡ್ತಾ ಕೂತೆ. ಹದಿನಾರಕ್ಕೆ ಮೇಸ್ತ್ರಿ ಕಿವೀಲಿ ಏನೋ ಮಾತಾಡ್ತಿದ್ರು. ಅವತ್ತು ರಾತ್ರಿನೇ ಹಗ್ಗ ಕೊಯ್ದೆ."

ಸಂಜೆ 4.10ಕ್ಕೆ ಬಂಧನವಾಯಿತು.

ಮರುದಿನ ಬಾವನಿಗೆ ಎಚ್ಚರವಾಯಿತು. ಹೇಳಿಕೆ ಬರೆದುಕೊಳ್ಳುತ್ತ ಇನ್ಸ್‌ಪೆಕ್ಟರ್ ಕೇಳಿದರು, "ಮೇಸ್ತ್ರಿಗೆ ಹೇಳಿದ್ರಾ?"

"ಎಲ್ಲಿ ಹೇಳೋದು ಮೇಡಂ, ಮನೆ ಮಗ ಅವನು. ಹದಿನಾರಕ್ಕೆ ಮೇಸ್ತ್ರಿ ಹತ್ರ ಒಂದು ದಿನ ರಜ ಕೇಳ್ದೆ, ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗೋಣ ಅಂತ." ಅವನು ಬಾಗಿಲ ಕಡೆ ನೋಡಿದ. "ಎಲ್ಲಿ, ನೋಡೋಕೆ ಬರ್ಲೇ ಇಲ್ಲ?"

ಹೆಂಡತಿ ಹೊದಿಕೆ ಸರಿಮಾಡುವ ನೆಪದಲ್ಲಿ ಮುಖ ತಿರುಗಿಸಿಕೊಂಡಳು. ಉತ್ತರವನ್ನು ಇನ್ಸ್‌ಪೆಕ್ಟರ್ ಅವಳಿಗೇ ಬಿಟ್ಟು, ಕಾಗದ ಮಡಚಿ ಹೊರಬಂದರು.