ನಾನೂರ ಹನ್ನೆರಡನೇ ಪುಸ್ತಕ

ಬಿಸಿಯಾದ ಧೂಳಿನ ವಾಸನೆ ಅದು.

ಶ್ರೀರಾಂಪುರದ ಮನೆಯಲ್ಲಿ ಅಪ್ಪ ಬೆಳಿಗ್ಗೆ ವಾಲ್ವ್ ರೇಡಿಯೋ ಹಾಕಿದರೆ ದನಿಗಿಂತ ಮೊದಲು ಈ ವಾಸನೆ ಬರುತ್ತಿತ್ತು. ಪುಟ್ಟ ಶಿವಗಂಗಾ ರೇಡಿಯೋದ ಹಿಂಬದಿಗೆ ಮೂಗು ಹಚ್ಚಿ ಕೂರುತ್ತಿದ್ದಳು. "ಲೇ, ಮೂಗು ಸುಟ್ಕಂತೀಯ!" ಎಂದು ಅಪ್ಪ ಗದರುತ್ತಿದ್ದರು.

ಈಗ ಅರವತ್ತೊಂದರ ವಯಸ್ಸಿನಲ್ಲಿ, ಚಿತ್ರದುರ್ಗದ ಆ ಹಳೆಯ ಕಂಪ್ಯೂಟರ್ ತರಗತಿಯ ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತರೆ... ಅದೇ ವಾಸನೆ!

ಒಳಗೆ ಯಾರೋ ಹಳೆಯ ಕಪ್ಪು ಬಿಳುಪು ಟಿವಿ ಹಾಕಿದ್ದರು. ಅದಕ್ಕೆ ರಬ್ಬರ್ ಗುಂಡಿಗಳ ಪುಟ್ಟ ಕಂಪ್ಯೂಟರ್ ಜೋಡಿಸುತ್ತ ಒಬ್ಬ ಬಗ್ಗಿ ನಿಂತಿದ್ದ. ಹೆಜ್ಜೆ ಸಪ್ಪಳಕ್ಕೆ ತಿರುಗಿದ.

ಜುಂಜೇಶ್!

ತಲೆ ಪೂರ್ತಿ ಬೆಳ್ಳಗಾಗಿತ್ತು. ಕಣ್ಣು ಮಾತ್ರ ಅವೇ. ಅವನ ಕೈಯಲ್ಲಿದ್ದ ವೈರು ಜಾರಿ ಬಿತ್ತು.

"ಬರ್ರಿ... ಚೆನ್ನಾಗಿದೀರಾ?" ಎಂದ.

ಬರ್ರಿ! ಒಂದು ಕಾಲಕ್ಕೆ 'ನೀನು' ಎನ್ನುತ್ತಿದ್ದವನು.

"ಹೂಂ... ಚೆನ್ನಾಗಿದೀನಿ," ಎಂದಳು. ಹೆಗಲ ಚೀಲವನ್ನು ಎದೆಗೊತ್ತಿ ಹಿಡಿದುಕೊಂಡಳು. ಅದರಲ್ಲಿ ಮೂವತ್ತೇಳು ವರ್ಷ ಕಾಪಾಡಿದ ಒಂದು ಫ್ಲಾಪಿ ಇತ್ತು. ಅದನ್ನು ಇವತ್ತು ಅವನಿಗೆ ತೋರಿಸಲೇಬೇಕು ಎಂದು ಹೊಳಲ್ಕೆರೆಯಿಂದ ಬಂದಿದ್ದಳು. 

ಊರಿನ ಮೊದಲ ಕಂಪ್ಯೂಟರ್ ತರಗತಿಯ ಹಳೆಯ ವಿದ್ಯಾರ್ಥಿಗಳು ಸೇರಿದ್ದರು. ಕರೆದವನು ಹನುಮೇಶ್. ಹಳೆಯ ಯಂತ್ರಗಳನ್ನೆಲ್ಲ ಹುಡುಕಿ ರಿಪೇರಿ ಮಾಡುವುದೇ ಅವನ ಹುಚ್ಚು. ಎಂಬತ್ತು ದಾಟಿದ ಶಿವಕುಮಾರಪ್ಪ ಮೇಷ್ಟ್ರು ನಡುವೆ ಕುರ್ಚಿಯಲ್ಲಿದ್ದರು.

"ಕ್ಯಾಸೆಟ್ಟಿನಿಂದ ಪ್ರೋಗ್ರಾಂ ಹಾಕೋದು ನೆನಪೈತಾ?" ಹನುಮೇಶ್ ಶುರು ಮಾಡಿದ. "ಕೀಂ... ಕೊರ್‍ರ್... ಅಂತ ಐದು ನಿಮಿಷ ಅರಚ್ಕಂಡು, ಕೊನೇಗೆ ತಪ್ಪೈತೆ ಅಂತಿತ್ತು!"

"ನೀನು ಅದರ ಮೇಲೆ ಸಿನಿಮಾ ಹಾಡು ತುಂಬಿಸಿದ್ರೆ ಇನ್ನೇನಾಗ್ತದಪ್ಪ!" ಜೊತೆಯಲ್ಲಿ ಕಲಿತಿದ್ದ ಭಾಗ್ಯ ಚುಚ್ಚಿದಳು.

"ಆ ಕಂಪ್ಯೂಟರಿನಾಗೆ ಇದ್ದಿದ್ದೇ ನಲವತ್ತೆಂಟು ಕೆಬಿ ಜಾಗ ಕಣಮ್ಮ. ನಮ್ಮ ಬೀಗರು ಕಳಿಸೋ ಗುಡ್ ಮಾರ್ನಿಂಗ್ ಫೋಟೋನೇ ಅದಕ್ಕಿಂತ ದೊಡ್ಡದೈತೆ!"

ಎಲ್ಲರೂ ನಕ್ಕರು. ಜುಂಜೇಶನೂ ನಕ್ಕ. ನಗುವಾಗ ಅವನು ತನ್ನ ಕುರ್ಚಿಯನ್ನು ಸದ್ದಿಲ್ಲದೆ ಫ್ಯಾನಿನ ಕೆಳಗೆ ಸರಿಸಿ, ಶಿವಗಂಗಾಳತ್ತ ನೋಡದೆಯೇ ಅವಳಿಗೆ ಬಿಟ್ಟುಕೊಟ್ಟ. ಶಿವಗಂಗಾ ಅದನ್ನು ಗಮನಿಸಿದಳು. ಆಗಲೂ ಹೀಗೇ ಇದ್ದನಲ್ಲ...

"ಗ್ರಂಥಾಲಯದ ಪಟ್ಟಿ ನೆನಪೈತೇನ್ರಪ್ಪ?" ಮೇಷ್ಟ್ರು ಕೇಳಿದರು. "ಡಿಬೇಸ್ ಅಂತ ಪಟ್ಟಿ ಮಾಡೋ ಪ್ರೋಗ್ರಾಂ ಇತ್ತಲ್ಲ, ಅದರಾಗೆ ಎಲ್ಲಾ ಪುಸ್ತಕ ಏರಿಸಿದ್ವಿ. ಜುಂಜೇಶ, ಶಿವಗಂಗಾ, ನೀವಿಬ್ರೇ ಅಲ್ವಾ ಮಾಡಿದ್ದು?"

ಜುಂಜೇಶನ ನಗು ನಿಂತಿತು. "ಹೂಂ ಸಾರ್... ನಂಗೆ ಮೂರು ಗಂಟೆ ಬಸ್ಸೈತೆ, ಹಿರಿಯೂರಿಗೆ," ಎಂದು ಗಡಿಯಾರ ನೋಡಿಕೊಂಡ.

ಆ ಪಟ್ಟಿ ಮಾಡುವ ದಿನಗಳಲ್ಲಿ ಅವಳು ಶ್ರೀರಾಂಪುರದಿಂದ ಮೊದಲ ಬಸ್ಸಿಗೆ ಹೊರಟು ಬರುತ್ತಿದ್ದಳು. ಬುತ್ತಿ ಕಟ್ಟಿಕೊಳ್ಳಲು ಹೊತ್ತಿರುತ್ತಿರಲಿಲ್ಲ. ಅವಳು ಕೂರುವ ಮೇಜಿನ ಡ್ರಾಯರಿನಲ್ಲಿ ದಿನವೂ ಕಾಗದದಲ್ಲಿ ಸುತ್ತಿದ ರೊಟ್ಟಿ, ಶೇಂಗಾ ಚಟ್ನಿ ಇರುತ್ತಿತ್ತು. 'ತಗೋ' ಎಂದು ಜುಂಜೇಶ್ ಒಂದು ದಿನವೂ ಹೇಳಲಿಲ್ಲ. 'ನಿಂದಾ?' ಎಂದು ಅವಳೂ ಕೇಳಲಿಲ್ಲ.

ಒಂದು ಬೆಳಿಗ್ಗೆ ಪಟ್ಟಿ ತೆರೆದರೆ ನಾನೂರ ಹನ್ನೊಂದು ಪುಸ್ತಕಗಳ ಕೆಳಗೆ ಹೊಸದೊಂದು ಸಾಲು. ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿತ್ತು.

ಪುಸ್ತಕದ ಹೆಸರು: ನನ್ನ ಜೊತೆ ಬರ್ತೀಯಾ. ಬರೆದವರು: ಜುಂಜೇಶ್. ಪ್ರತಿಗಳು: ಒಂದು.

ಅವಳ ಎದೆ ಹೊಡೆದುಕೊಂಡ ಸದ್ದು ಇಡೀ ಕೋಣೆಗೆ ಕೇಳಿಸಿತೇನೋ!

ಆದರೆ ಅದೇ ಮಧ್ಯಾಹ್ನ ಮೇಷ್ಟ್ರು ಪಟ್ಟಿ ಮುದ್ರಿಸಿ ಗ್ರಂಥಾಲಯ ಸಮಿತಿಗೆ ಕೊಡುವವರಿದ್ದರು. ಸಮಿತಿಯಲ್ಲಿ ಅವಳ ಸೋದರಮಾವ ಮುರುಗಪ್ಪ ಇದ್ದರು. ಬೇರೆ ಜಾತಿಯವರ ಜೊತೆ ಮಾತಾಡಿದರೂ ಸಿಡುಕುವ ಮನುಷ್ಯ. ಕುರಿ ಕಾಯುವ ಮನೆತನದ ಹುಡುಗನ ಹೆಸರು ತನ್ನ ಸೋದರಸೊಸೆ ಮಾಡಿದ ಪಟ್ಟಿಯಲ್ಲಿ ಕಂಡರೆ...

ಅವಳು ಆ ಸಾಲಿಗೆ ಡಿಲೀಟ್ ಕೊಟ್ಟಳು.

ಡಿಲೀಟ್ ಅಷ್ಟೇ. ಪ್ಯಾಕ್ ಕೊಡಲಿಲ್ಲ.

ಎರಡು ದಿನದ ಹಿಂದೆ ಅವನೇ ಹೇಳಿಕೊಟ್ಟಿದ್ದ. "ಡಿಬೇಸ್‌ನಾಗೆ ಡಿಲೀಟ್ ಅಂದ್ರೆ ಹೋಗಲ್ಲ ಶಿವಗಂಗಾ. ಸಾಲಿನ ಮುಂದೆ ಒಂದು ಚುಕ್ಕಿ ಬೀಳ್ತದೆ. ಮುದ್ರಣದಾಗೆ ಕಾಣಲ್ಲ, ಒಳಗೆ ಇರ್ತೈತೆ. ಪ್ಯಾಕ್ ಕೊಟ್ರೆ ಮಾತ್ರ ಪೂರಾ ಹೋಗೋದು. ಅಲ್ಲೀತನಕ ರಿಕಾಲ್ ಅಂತ ಕೊಡು, ಮತ್ತೆ ಬರ್ತೈತೆ."

ಚುಕ್ಕಿ ನೋಡಿದರೆ ಅವನಿಗೆ ತಿಳಿಯುತ್ತದೆ ಎಂದುಕೊಂಡಳು. ಬಚ್ಚಿಟ್ಟಿದ್ದಾಳೆ, ಅಳಿಸಿಲ್ಲ ಎಂದು. ಬೇರೆ ಯಾರಿಗೆ ತಿಳಿಯದಿದ್ದರೂ ಅವನಿಗೆ!

ಮರುದಿನ ಅವನು ಪಟ್ಟಿ ನೋಡಿದ. ಏನೂ ಮಾತಾಡಲಿಲ್ಲ. ಅದರ ಮರುದಿನ ಡ್ರಾಯರ್ ಖಾಲಿ ಇತ್ತು. ಮಾರಿಕಣಿವೆಯಲ್ಲಿ ನೀರಾವರಿ ಕಚೇರಿಯ ಕೆಲಸ ಸಿಕ್ಕಿತೆಂದು ಅವನು ಹೊರಟುಹೋಗಿದ್ದ.

"ಊಟಕ್ಕೆ ಹೋಗಾಣ ನಡೀರಿ, ಅನ್ನ ಆರ್ತೈತೆ!" ಹನುಮೇಶ್ ಎಲ್ಲರನ್ನೂ ಕೆಳಗೆ ಹೊರಡಿಸಿದ.

ಜುಂಜೇಶ್ ಚೀಲ ಎತ್ತಿಕೊಂಡ.

ಇವತ್ತೂ ಬಿಟ್ಟರೆ ಇನ್ನು ಇಲ್ಲ... "ಒಂದು ನಿಮಿಷ ಇರ್ರಿ," ಎಂದಳು ಶಿವಗಂಗಾ. ಆ ಪಟ್ಟಿಯಿದ್ದ ಫ್ಲಾಪಿ ತೆಗೆದು, ಹನುಮೇಶ್ ರಿಪೇರಿ ಮಾಡಿಟ್ಟಿದ್ದ ಹಳೆಯ ಪಿಸಿಗೆ ಹಾಕಿದಳು. ಡ್ರೈವ್ ಕಟಕಟ ಎಂದಿತು, ತಡೆದು ಮತ್ತೆ ತಿರುಗಿತು. ಹಸಿರು ಅಕ್ಷರಗಳು ಮೂಡಿದವು. ನಾನೂರ ಹನ್ನೆರಡನೇ ಸಾಲು. ಅದರ ಮುಂದೆ ಆ ಚುಕ್ಕಿ.

ಜುಂಜೇಶ್ ಪರದೆಯ ಹತ್ತಿರಕ್ಕೆ ಬಗ್ಗಿದ.

"ಇದು... ಇನ್ನೂ ಐತಾ?"

"ನಾನು ಪ್ಯಾಕ್ ಕೊಡಲಿಲ್ಲ ಜುಂಜೇಶ್. ಮಾವನ ಕಣ್ಣಿಗೆ ಬೀಳದಿರಲಿ ಅಂತ ಬಚ್ಚಿಟ್ಟೆ. ನಿಮಗೆ ಗೊತ್ತಾಗ್ತದೆ ಅಂದ್ಕಂಡಿದ್ದೆ. ನೀವೇ ಹೇಳಿಕೊಟ್ಟಿದ್ದು!"

ಅವನು ಕುರ್ಚಿಯಲ್ಲಿ ಕುಸಿದು ಕುಳಿತ.

"ಕಂಪ್ಯೂಟರ್ ವಿಷಯದಾಗೆ ಗೊತ್ತಿತ್ತು..." ಎಂದ. "ನಿನ್ನ ವಿಷಯದಾಗೆ ಧೈರ್ಯ ಇರ್ಲಿಲ್ಲ. ಚುಕ್ಕಿ ಕಂಡ ತಕ್ಷಣ, ಬ್ಯಾಡ ಅಂದ್ಲು ಅಂದ್ಕಂಡೆ. ಒಂದು ಮಾತು ಕೇಳಬೋದಿತ್ತು."

ನಿನ್ನ! ಅವಳ ಕಣ್ಣು ತುಂಬಿದವು.

"ನಾನೂ ಹೇಳಬೋದಿತ್ತು," ಎಂದಳು. "ಯಂತ್ರ ಹೇಳ್ತದೆ ಅಂತ ಸುಮ್ನಿದ್ದೆ. ಮೂರು ಸಲ ಮಾರಿಕಣಿವೆ ಬಸ್ಸು ಹತ್ತಿದ್ದೆ. ಹೊರಡೋಕೆ ಮುಂಚೆ ಇಳಿದ್ಬಿಟ್ಟೆ."

ಅವನು ಮುಖ ಒರೆಸಿಕೊಂಡ. "ಮದುವೆ ಆದೆ. ಸುಚಿತ್ರಾ ಒಳ್ಳೇವಳು. ಅವಳಿಗೆ ಕೊರತೆ ಮಾಡಲಿಲ್ಲ. ಆರು ವರ್ಷ ಆತು, ಹೋಗಿಬಿಟ್ಲು. ನೀನು...?"

"ನಾನು ಮದುವೆ ಆಗಲಿಲ್ಲ. ಹೊಸದುರ್ಗದ ಕಾಲೇಜಿನಾಗೆ ಪಾಠ ಮಾಡಿದೆ. ಈಗ ಹೊಳಲ್ಕೆರೇಲಿ ನಮ್ಮ ಅಕ್ಕ ರೇಣುಕಮ್ಮನ ಜೊತೆ ಇದೀನಿ." ನಕ್ಕಳು. "ಡಿಲೀಟಿಗೂ ಪ್ಯಾಕಿಗೂ ಏನು ವ್ಯತ್ಯಾಸ ಅಂತ ಪ್ರತಿ ವರ್ಷ ಪರೀಕ್ಷೆಗೆ ಕೇಳ್ತಿದ್ದೆ. ಮಕ್ಕಳೆಲ್ಲ ಸರಿಯಾಗಿ ಬರೀತಿದ್ರು. ಒಬ್ಬ ಮಾತ್ರ ಫೇಲು!"

ಅವನೂ ಅಳುತ್ತಲೇ ನಕ್ಕ. ಬೆರಳುಗಳನ್ನು ಕೀಲಿಗಳ ಮೇಲಿಟ್ಟು ಅವಳ ಮುಖ ನೋಡಿದ.

"ಕೊಡ್ಲಾ?"

ಅವಳು ತಲೆಯಾಡಿಸಿದಳು.

ರಿಕಾಲ್.

ಚುಕ್ಕಿ ಮಾಯವಾಯಿತು. ಸಾಲು ಮಾತ್ರ ಉಳಿಯಿತು: ನನ್ನ ಜೊತೆ ಬರ್ತೀಯಾ.

"ಆ ವಯಸ್ಸು ವಾಪಸ್ ಬರಲ್ಲ ಜುಂಜೇಶ್," ಎಂದಳು ಮೆಲ್ಲಗೆ.

"ಬರಲ್ಲ. ಆದ್ರೂ ಕೇಳ್ತೀನಿ... ಈ ಸಲ ಬಾಯಿಬಿಟ್ಟು."

"ಬರ್ತೀನಿ."

ಕೆಳಗೆ ರಸ್ತೆಯಲ್ಲಿ ಬಸ್ಸಿನ ಹಾರನ್ ಕೇಳಿಸಿತು.

"ನಿಮ್ಮ ಬಸ್ಸು..."

"ಇನ್ನೊಂದು ಬರ್ತೈತೆ. ನೀನು ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಅಲ್ವಾ?"

ಅವನು ಚೀಲದಿಂದ ದಾರಿಗೆಂದು ಕಟ್ಟಿಕೊಂಡು ಬಂದಿದ್ದ ರೊಟ್ಟಿಯ ಗಂಟು ತೆಗೆದ. ಹಳೆಯ ಅಭ್ಯಾಸಕ್ಕೆ ಕೈ ಮೇಜಿನ ಡ್ರಾಯರಿನತ್ತ ಹೋಯಿತು. ಅರ್ಧ ಎಳೆದು, ನಿಲ್ಲಿಸಿದ. ಡ್ರಾಯರನ್ನು ಮತ್ತೆ ಮುಚ್ಚಿದ.

ಆಮೇಲೆ ಆ ಗಂಟನ್ನು ಅವಳ ಕೈಗೇ ಕೊಟ್ಟ.