ಹಿಡಿಕೆ ನಿಲ್ಲದ ಅಡುಗೆಮನೆ

ಇದು ಖರೆ ನಡೆದದ್ದು. ಹಾಗೆಂದರೆ ಗದಗಿನಲ್ಲಿ ಯಾರೂ ನಂಬುವುದಿಲ್ಲ. ನನ್ನ ಬಾಯಿಂದ ನನ್ನ ದನಿಗಿಂತ ಪರರ ದನಿ ಹೊರಬೀಳುವುದೇ ಹೆಚ್ಚು. ಎಂ.ಎ. ಮುಗಿಸಿ, ಮದುವೆಮನೆಗಳಲ್ಲಿ ಮಿಮಿಕ್ರಿ ಮಾಡಿ ಹೊಟ್ಟೆ ಹೊರೆಯುವ ಸುಭಾಸ ನಾನು. ಬೆಟಗೇರಿಯಲ್ಲಿ ಹುಚ್ಚೀರಪ್ಪನವರ ಮನೆಯ ಮೇಲಿನ ಕೋಣೆ ನನ್ನದು.

ಹುಚ್ಚೀರಪ್ಪನವರು ವಿಮಾ ಕಂಪನಿಯ ಸರ್ವೇಯರ್ ಆಗಿದ್ದವರು. ಸುಟ್ಟ ಅರಳೆ ಗೋದಾಮನ್ನು ಮೂಸಿ, ಬೆಂಕಿ ತಾನಾಗಿ ಹತ್ತಿದ್ದೋ ಹಚ್ಚಿದ್ದೋ ಹೇಳಿಬಿಡುತ್ತಿದ್ದರು. ನಿವೃತ್ತರಾದ ಮೇಲೆ ಊರಲ್ಲಿ ಏನು ಕಳುವಾದರೂ ಜನ ಅವರ ಕಟ್ಟೆಗೆ ಬರುತ್ತಿದ್ದರು. ಯಾರೂ ಬರದ ದಿನ ಅವರು ಎರಡು ಕುರ್ಚಿ ಹಾಕಿ ಒಂದರಲ್ಲಿ ಕೂತು, ಇನ್ನೊಂದನ್ನು ನೋಡುತ್ತಿದ್ದರು.

ಅವತ್ತು ಬಡಗಿ ಬುಡ್ಡೇಸಾಬರು ಹತಾರದ ಚೀಲ ಹೆಗಲಲ್ಲಿಟ್ಟುಕೊಂಡೇ ಬಂದರು.

"ಕುಂಡ್ರಿ ಸಾಬ್ರ."

"ಕುಂಡ್ರಾಕ ಬಂದಿಲ್ರಿ. ನನ್ನ ಹೆಸರು ಕೈ ಬಿಟ್ಟು ಹೊಂಟೈತಿ, ಅದನ್ನ ಹಿಡದು ಕೊಡ್ರಿ."

ಸಂಗತಿ ಹೀಗಿತ್ತು. ಶಿರಹಟ್ಟಿಯಲ್ಲಿ ಹುಡುಗಿಯರ ಹಾಸ್ಟೆಲ್ಲಿಗೆ ಆಯುಷ್ಯವಿಡೀ ಅಡುಗೆ ಮಾಡಿದ ಶಾರದವ್ವ, ನಿವೃತ್ತರಾಗಿ ನಮ್ಮ ಹಿಂದಿನ ಓಣಿಯಲ್ಲಿ ಸಣ್ಣ ಮನೆ ಕೊಂಡಿದ್ದರು. ಮದುವೆಯಾದವರಲ್ಲ. ಹಿಂದೆ ಮುಂದೆ ಯಾರೂ ಇರಲಿಲ್ಲ. ತಮ್ಮದೇ ಅಂತ ಅವರಿಗಿದ್ದ ಮೊದಲ ಅಡುಗೆಮನೆ ಅದು. ಕಪಾಟು, ಡ್ರಾಯರು ಎಲ್ಲವನ್ನೂ ಬುಡ್ಡೇಸಾಬರು ಕೂರಿಸಿದ್ದರು. ಕಡೆಗೆ ಉಳಿದದ್ದು ಅವನ್ನು ಹಿಡಿದೆಳೆಯುವ ಗುಂಡಿ ಹಚ್ಚುವ ಕೆಲಸ. ನೀಲಿ ಹೂವಿನ ಪಿಂಗಾಣಿ ಗುಂಡಿಗಳನ್ನು ಸಂಜೆ ಹಚ್ಚಿ ಹೋದರೆ ಬೆಳಗಾಗುವಷ್ಟರಲ್ಲಿ ಅವು ಮಾಯ. ಆಮೇಲೆ ಹಚ್ಚಿದ ಹಿತ್ತಾಳೆಯವೂ ಮಾಯ. ಬೇಸತ್ತು ಅಗ್ಗದ ಪ್ಲಾಸ್ಟಿಕ್ಕಿನವು ಹಚ್ಚಿದರೆ ಅವೂ ಇವತ್ತು ಮಾಯ.

"ಹಾರ್ಡ್‌ವೇರ್ ಅಂಗಡಿ ವಿರೂಪಾಕ್ಷಪ್ಪ ಊರ ತುಂಬ ಹೇಳ್ಕೋಂತ ಹೊಂಟಾನ್ರಿ, ಹಚ್ಚಿದಾವನ ಬಿಚ್ಚಿ ಒಯ್ತಾನಂತ. ಲಕ್ಷ್ಮೇಶ್ವರದಾಗ ಒಂದು ದೊಡ್ಡ ಮನಿ ಕೆಲಸ ಹಿಡಿದಿದ್ದೆ. ಖಬರ ಅಲ್ಲಿಗೂ ಮುಟ್ಟಿ, ಸದ್ಯಕ್ಕ ಬರಬ್ಯಾಡ ಅಂದ್ರು."

"ಶಾರದವ್ವ ಏನಂತಾರ?"

"ಅವರೇನೂ ಅನ್ನೂದಿಲ್ರಿ. 'ಹೋದ್ರ ಹೋಗ್ಲಿ ಬಿಡ್ರಿ, ಬ್ಯಾರೆ ಆರಿಸೂಣು' ಅಂತಾರ."

"ಕ್ಲೇಮ್ ಇಲ್ಲದ ಕಳುವು," ಎಂದು ಹುಚ್ಚೀರಪ್ಪನವರು ಚಪ್ಪಲಿ ಮೆಟ್ಟಿದರು.

"ಇಷ್ಟು ಗುಂಡಿ ಕದಿಯಾಕ ಗುಂಡಿಗಿ ಬೇಕ್ರಿ," ಎಂದೆ. ಇಬ್ಬರೂ ನಗಲಿಲ್ಲ.

ನಾವು ತಟ್ಟುವ ಮೊದಲೇ ಶಾರದವ್ವ ಬಾಗಿಲು ತೆರೆದರು. ಒಳಗೆ ವಿರೂಪಾಕ್ಷಪ್ಪ ಆಗಲೇ ಹಾಜರಿದ್ದರು. ಗುಂಡಿ, ಹಿಡಿಕೆಗಳನ್ನು ಸಾಲಾಗಿ ಹಚ್ಚಿದ ಹಲಗೆಯೊಂದು ಅವರ ತೊಡೆಯ ಮೇಲಿತ್ತು. ಮೂಗಿನಲ್ಲಿ ಮಾತಾಡುವ ಮನುಷ್ಯ. ಕೇಳಿದರೆ ನನ್ನಂಥವನಿಗೆ ಬಾಯಲ್ಲಿ ನೀರೂರುವ ದನಿ.

"ಈಗಿನ ಫ್ಯಾಶನ್ ಏನಂದ್ರ, ಬಾಗಿಲಿಗೆ ಗುಂಡಿ, ಡ್ರಾಯರಿಗೆ ಉದ್ದನ ಹಿಡಿಕಿ," ಎಂದರು ಅವರು.

"ಫ್ಯಾಶನ್ ಅತ್ಲಾಗಿರ್ಲಿ," ಎಂದರು ಬುಡ್ಡೇಸಾಬರು. "ರೊಟ್ಟಿ ಬಡಿಯೂ ಮನಿಗೆ ಎಲ್ಲಾಕೂ ಹಿಡಿಕೀನ ಛಲೋ. ಹಿಟ್ಟಿನ ಕೈಗೆ ಗುಂಡಿ ಜಾರತೈತಿ. ಹಿಡಿಕಿ ಆದ್ರ ಕಿರುಬೆರಳ ಸಿಗಿಸಿ ಜಗ್ಗಬಹುದು."

"ಜಗ್ಗೂದು ನಿನಗ ಗೊತ್ತಿರಬೇಕು ಬಿಡಪಾ, ಎಲ್ಲಾ ಜಗ್ಗಿದಾವ ನೀನ."

"ಮತ್ತ ಮತ್ತ ಮಾರಿದಾವ ನೀನಲಾ ವಿರೂಪಾಕ್ಷಿ? ಲಾಭ ಯಾರಿಗೆ ಆತು?"

ಇಬ್ಬರ ಜಗಳವನ್ನು ಶಾರದವ್ವ ಹಾಡು ಕೇಳಿದ ಹಾಗೆ ಕೇಳುತ್ತಿದ್ದರು. ಒಂದೊಂದೇ ಗುಂಡಿಯನ್ನು ಬೆರಳಲ್ಲಿ ತಿರುವಿ, "ನಿನಗ್ಯಾವುದು ಚಂದ ಕಾಣ್ತೈತಿ ತಮ್ಮಾ?" ಎಂದು ನನ್ನನ್ನು ಕೇಳಿದರು. ನಾನು ಗಾಜಿನದನ್ನು ತೋರಿಸಿದೆ. ತಲೆಯಾಡಿಸಿ ಅದೇ ಪ್ರಶ್ನೆಯನ್ನು ಹುಚ್ಚೀರಪ್ಪನವರಿಗೂ ಕೇಳಿದರು. ಯಾವುದನ್ನೂ ಒಪ್ಪಲಿಲ್ಲ, ಯಾವುದನ್ನೂ ಬೇಡವೆನ್ನಲಿಲ್ಲ.

ಹುಚ್ಚೀರಪ್ಪನವರು ಟಾರ್ಚು ಹಿಡಿದು ಡ್ರಾಯರಿನೊಳಗೆ ತಲೆ ಹಾಕಿದರು. ಬಿಚ್ಚಿದ ಸ್ಕ್ರೂಗಳು ಒಳಗೇ ಬಿದ್ದಿದ್ದವು. ಅವುಗಳ ತಲೆ ಇಲಿ ಕಡಿದಂತೆ ಕೆತ್ತಿಹೋಗಿತ್ತು. ತೂತಿನ ಸುತ್ತ ಬಿಳಿ ಪುಡಿ ಉದುರಿತ್ತು. ಅಲ್ಲಿಗೆ ಇರುವೆಯ ಸಣ್ಣ ಸಾಲೊಂದು ಹೊರಟಿತ್ತು.

"ನೋಡ್ರಿ, ಕಟಗಿ ಪುಡಿ," ಎಂದರು ವಿರೂಪಾಕ್ಷಪ್ಪ. "ಬಡಿಗ್ಯಾನ ಗುರ್ತು."

ಹುಚ್ಚೀರಪ್ಪನವರು ಟಾರ್ಚನ್ನು ಒಲೆಯ ಕಡೆ ತಿರುಗಿಸಿದರು. ಒಲೆಯ ಬದಿಯಲ್ಲಿ ಬಟ್ಟೆ ಮುಚ್ಚಿದ ಬಿಸಿರೊಟ್ಟಿಯ ರಾಶಿ ಇತ್ತು. ಮೇಲಿನ ಹಲಗೆಯಲ್ಲಿ ಒಣಗಿ ಕಟಕಾದ ರೊಟ್ಟಿಗಳ ಗೋಪುರಗಳೇ ಇದ್ದವು.

"ಒಬ್ಬರಿಗೆ ಇಷ್ಟು ರೊಟ್ಟಿ ಏನ್ರವ್ವಾ?"

"ಕೈ ರೂಢಿ ಬಿಡ್ರಿ," ಎಂದರು ಶಾರದವ್ವ. "ಕಡಿಮಿ ಬಡಿಯಾಕ ಕಲತೇ ಇಲ್ಲ."

ಹುಚ್ಚೀರಪ್ಪನವರು ನನ್ನನ್ನು ಕರೆದುಕೊಂಡು ಮನೆಗೆ ಮರಳಿದರು. ಕಟ್ಟೆ ಏರಿದ ಮೇಲೆ, "ವಿರೂಪಾಕ್ಷಪ್ಪನ ದನಿ ಬರತೈತೇನಲೇ ನಿನಗ?" ಎಂದರು.

"ಮೂಗು ಹಿಡದ್ರ ಆತ್ರಿ."

ಅವರು ಹೇಳಿಕೊಟ್ಟಂತೆ ನಾನು ಶಾರದವ್ವನಿಗೆ ಫೋನು ಹಚ್ಚಿದೆ. "ಶಾರದವ್ವಾರ, ಗುಂಡೀನೂ ಬ್ಯಾಡ, ಹಿಡಿಕೀನೂ ಬ್ಯಾಡ. ಒತ್ತಿದ್ರ ತಾನ ತೆರಿಯೂ ಬಾಗಿಲದ ಸಾಮಾನು ಬಂದೈತಿ. ನಾಳೆ ಕಂಪನಿ ಮಂದಿ ಬಂದು ಹಚ್ಚಿ ಮುಗಿಸ್ತಾರ. ಇನ್ಮ್ಯಾಲ ಯಾರೂ ಬರೂ ತ್ರಾಸ ಇಲ್ಲ."

ಅತ್ತ ಕಡೆ ಗಡಿಯಾರದ ಸಪ್ಪಳ ಕೇಳಿತು.

"ಯಾರೂ ಬರೂದಿಲ್ಲೇನ್ರಿ?" ಎಂದರು ಶಾರದವ್ವ.

ನನ್ನ ಕೈ ಮೂಗಿನಿಂದ ಜಾರಿತು. ಹುಚ್ಚೀರಪ್ಪನವರು ಖಾಲಿ ಕುರ್ಚಿಯ ಕಡೆ ಮುಖ ತಿರುಗಿಸಿಕೊಂಡಿದ್ದರು. ನಾನು ಫೋನು ಇಟ್ಟೆ.

ಮರುದಿನ ಬೆಳಿಗ್ಗೆ ಹುಚ್ಚೀರಪ್ಪನವರು ಎಲ್ಲರನ್ನೂ ಶಾರದವ್ವನ ಅಡುಗೆಮನೆಗೆ ಕರೆಸಿದರು. ಒಳಗೆ ಕಾಲಿಟ್ಟ ಬುಡ್ಡೇಸಾಬರು ನಿಂತಲ್ಲೇ ನಿಂತರು. ಗುಂಡಿಗಳೆಲ್ಲ ವಾಪಸು ಬಂದಿದ್ದವು. ಒಂದು ಬಾಗಿಲಿಗೆ ಪಿಂಗಾಣಿ, ಪಕ್ಕದ್ದಕ್ಕೆ ಹಿತ್ತಾಳೆ, ಕೆಳಗೆ ಪ್ಲಾಸ್ಟಿಕ್ಕು. ಕೆಲವು ಸೊಟ್ಟಗಿದ್ದವು.

"ಸಿಕ್ಕೂವ್ರಿ," ಎಂದರು ಶಾರದವ್ವ ಗಡಿಬಿಡಿಯಲ್ಲಿ. "ಅಟ್ಟದ ಮ್ಯಾಲ ಇದ್ದೂವು. ವಿರೂಪಾಕ್ಷಪ್ಪಾರ, ಆ ಒತ್ತೂ ಬಾಗಿಲ ಇನ್ನ ಬ್ಯಾಡ್ರಿ."

"ಯಾವ ಒತ್ತೂ ಬಾಗಿಲ?" ಎಂದರು ವಿರೂಪಾಕ್ಷಪ್ಪ.

ಹುಚ್ಚೀರಪ್ಪನವರು ಹಿತ್ತಾಳೆ ಗುಂಡಿಯೊಂದರ ಕೆತ್ತನೆಯ ಸಂದಿಯನ್ನು ಉಗುರಿಂದ ಕೆದರಿ, ಉಗುರನ್ನು ಎಲ್ಲರಿಗೂ ತೋರಿಸಿದರು. ಬಿಳಿ ಹಿಟ್ಟು.

"ಅಟ್ಟದ ಮ್ಯಾಲಲ್ಲ, ಜೋಳದ ಹಿಟ್ಟಿನ ಡಬ್ಬಿಯೊಳಗಿದ್ದೂವು," ಎಂದರು ಮೆಲ್ಲಗೆ. "ಹಿತ್ತಾಳಿ ಕದ್ದ ಕಳ್ಳ ಪ್ಲಾಸ್ಟಿಕ್ ಯಾಕ ಕದ್ದ? ಅವಗ ಗುಂಡಿ ಬೇಕಾಗಿರಲಿಲ್ಲ. ಗುಂಡಿ ಇರಬಾರದಾಗಿತ್ತು, ಅಷ್ಟ. ಸಾಬರ ಚೀಲದಾಗ ಸ್ಕ್ರೂ ಬಿಚ್ಚೂ ಮಶೀನ್ ಐತಿ, ವಿರೂಪಾಕ್ಷಪ್ಪನ ಅಂಗಡಿ ತುಂಬ ಸ್ಕ್ರೂಡ್ರೈವರ್. ಆದ್ರ ಈ ಸ್ಕ್ರೂ ತಲಿ ಕೆತ್ತಿದ್ದು ಚಾಕುವಿನ ತುದಿ. ಇನ್ನ ಆ ಬಿಳಿ ಪುಡಿ. ಕಟಗಿ ಪುಡಿಗೆ ಇರಿವಿ ಸಾಲ ಹಚ್ಚೂದಿಲ್ಲ. ಅದು ರೊಟ್ಟಿ ಬಡಿಯೂ ಕೈಯಿಂದ ಉದುರಿದ ಹಿಟ್ಟು."

ಹುಚ್ಚೀರಪ್ಪನವರು ಉಗುರಿನ ಹಿಟ್ಟನ್ನು ಒರೆಸಿಕೊಂಡರು.

"ಕಳುವಾದ ಮನಿಯಾಕಿ ಸಿಟ್ಟಾಗಲಿಲ್ಲ, ಯಾರ ಹೆಸರೂ ಹೇಳಲಿಲ್ಲ. ಗುಂಡಿ ಹಚ್ಚಿ ಮುಗೀತಂದ್ರ ಈ ಮನಿಗೆ ಬರವರು ಯಾರು? ಅದಕ್ಕ ಗುಂಡೀನ ಬ್ಯಾಡಾದ, ಬಿಚ್ಚಾಕೂ ಏನೂ ಉಳಿಯದ ಬಾಗಿಲ ಬರ್ತಾವಂತ ಒಂದು ಸುಳ್ಳು ಹೇಳಿಸಿದೆ. ಮುಂಜಾನಿ ಅನ್ನೂದ್ರೊಳಗ ಎಲ್ಲಾ ಗುಂಡಿ ತಿರುಗಿ ಬಂದೂವು. ಆದ್ರ ನಡುವ ಸಾಬರ ಲಕ್ಷ್ಮೇಶ್ವರದ ಕೆಲಸ ಕೈ ಬಿಟ್ಟು ಹೋತು."

ಶಾರದವ್ವ ನೆಲದ ಮೇಲೆ ಕೂತರು. "ಸಾಬ್ರು ಕಡೀ ಗುಂಡಿ ಹಚ್ಚಿ, ಚೀಲ ಕಟ್ಟಿ, 'ಬರ್ತೀನ್ರಿ ಅಕ್ಕಾರ' ಅಂದು ಹೋದ್ರು. ರಾತ್ರಿ ರೊಟ್ಟಿ ಬಡಿಯಾಕ ಕುಂತೆ. ಮನಿ ಎಷ್ಟು ಸುಮ್ಮನಿತ್ತಂದ್ರ ನನ್ನ ಕೈ ಸಪ್ಪಳಕ್ಕ ನಾನ ಅಂಜಿದೆ. ಹಿಟ್ಟಿನ ಕೈಲೆ ಎದ್ದು ಬಿಚ್ಚಿಬಿಟ್ಟೆ. ಸಾಬ್ರ ಹೆಸರಿಗೆ ಪೆಟ್ಟು ಬೀಳತೈತಂತ ಆವಾಗ ಖರೇನ ಗೊತ್ತಿರಲಿಲ್ರಿ."

"ಸುಮ್ನ ಕರದಿದ್ರ ಬರ್ತಿದ್ದಿಲ್ಲೇನ್ರಿ ಅಕ್ಕಾರ?" ಎಂದರು ಬುಡ್ಡೇಸಾಬರು.

"ಕೆಲಸ ಇಲ್ಲದ ಮನಿಗೆ ಏನಂತ ಕರೀಲಿ?"

ಶಾರದವ್ವ ಸೆರಗಿಂದ ಮುಖ ಒರೆಸಿಕೊಂಡು, "ಲಕ್ಷ್ಮೇಶ್ವರದವರಿಗೆ ಫೋನ್ ಹಚ್ಚಿ ಕೊಡ್ರಿ," ಎಂದರು. ಬುಡ್ಡೇಸಾಬರು ಬೇಡವೆಂದರೂ ಬಿಡಲಿಲ್ಲ.

"ನಮಸ್ಕಾರ್ರಿ. ಗುಂಡಿ ಕಳ್ಳಿ ಮಾತಾಡಾಕತ್ತೀನಿ. ಹೌದ್ರಿ, ನಮ್ಮನಿ ಗುಂಡಿ ನಾನ ಕದ್ದೀನಿ. ಸಾಬ್ರು ಬಂಗಾರದಂಥವರು. ಕೆಲಸ ಅವರಿಗೇ ಕೊಡ್ರಿ."

ಆಚೆಯವರು ಏನೆಂದರೋ, ಬುಡ್ಡೇಸಾಬರು ಫೋನು ತಗೊಂಡು, "ಹೂನ್ರಿ, ಸೋಮವಾರ ಬರ್ತೀನ್ರಿ," ಎಂದರು. ಆಮೇಲೆ ಚೀಲ ಬಿಚ್ಚಿ, ಸೊಟ್ಟ ಗುಂಡಿಗಳನ್ನು ತೆಗೆದು, ವಿರೂಪಾಕ್ಷಪ್ಪನವರ ಹಲಗೆಯಿಂದ ಆರಿಸಿದ ಉದ್ದ ಹಿಡಿಕೆಗಳನ್ನು ಒಂದೊಂದಾಗಿ ಹಚ್ಚಿದರು. ಕಡೆಯ ಡ್ರಾಯರಿಗೆ ಮಾತ್ರ ಹಚ್ಚಲಿಲ್ಲ.

"ಇದೊಂದು ಹಂಗ ಇರ್ಲಿ," ಎಂದರು. "ಹಚ್ಚಾಕ ಶುಕ್ರವಾರ ಬರ್ತೀನಿ. ಅವತ್ತೂ ಆಗಲಿಲ್ಲಂದ್ರ ಮುಂದಿನ ಶುಕ್ರವಾರ."

ರೊಟ್ಟಿ, ಬದನೆಕಾಯಿ ಪಲ್ಯ ತಟ್ಟೆಗೆ ಬಂತು. ಹುಚ್ಚೀರಪ್ಪನವರು ಎರಡನೆಯ ಸಲ ಬಡಿಸಿಕೊಂಡದ್ದನ್ನು ಅವತ್ತೇ ನೋಡಿದ್ದು ನಾನು. ವಿರೂಪಾಕ್ಷಪ್ಪನವರಿಗೆ ಮಾತ್ರ ತುತ್ತು ಇಳಿಯುತ್ತಿರಲಿಲ್ಲ.

"ಅಲ್ರೀ, ನಾನಂತೂ ಫೋನ್ ಮಾಡಿಲ್ಲ. ಮತ್ತ ಮಾಡಿದಾವ ಯಾರು?"

ನಾನು ಮೂಗು ಹಿಡಿದುಕೊಂಡೆ. "ಶಾರದವ್ವಾರ, ಗುಂಡೀನೂ ಬ್ಯಾಡ, ಹಿಡಿಕೀನೂ ಬ್ಯಾಡ. ಇನ್ನೊಂದು ರೊಟ್ಟಿ ನೀಡ್ರಿ."

ವಿರೂಪಾಕ್ಷಪ್ಪ ತಮ್ಮ ಮೂಗನ್ನೇ ಮುಟ್ಟಿ ನೋಡಿಕೊಂಡರು. ಶಾರದವ್ವ ಹಿಟ್ಟಿನ ಕೈಯನ್ನೇ ಬಾಯಿಗೆ ಅಡ್ಡ ಹಿಡಿದರು. ಆದರೂ ನಗೆ ತಡೆಯಲಿಲ್ಲ. ನಾವೆಲ್ಲ ನಕ್ಕೆವು. ಅವರ ನಗೆ ಮಾತ್ರ ಹೊಸ ಕಪಾಟುಗಳಿಗೆಲ್ಲ ಬಡಿದು, ಹಿಡಿಕೆಯಿಲ್ಲದ ಆ ಒಂದು ಡ್ರಾಯರಿನ ತೂತಿನೊಳಗೂ ಹೊಕ್ಕು ಬಂದಷ್ಟು ಜೋರಾಗಿತ್ತು.