ಗ್ಲೌಸ್ ಇಲ್ಲದ ಮಂಗಳವಾರ

"ಎಂಟನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನನ್ನ ಗಾಜಿನ ಮನೆಯೊಳಗೆ ಬಿಟ್ಟಿದ್ದೇ ನನ್ನ ತಪ್ಪು!" ಪ್ರೊಫೆಸರ್ ಎಲ್ಲರೆದುರು ಕೂಗಿದರು. "ಎಮ್ಮೆಗೆ ಹೇಳಿದ್ರೂ ತಿಳೀತಿತ್ತು. ಮೊದಲು ಆರೋಗ್ಯದ ಗಿಡಗಳ ಕೋಣೆಗೆ ನೀರು, ಆಮೇಲೆ ರೋಗದ ಗಿಡಗಳ ಕೋಣೆಗೆ. ವಾಪಸ್ ಬರೋ ಹಾಗಿಲ್ಲ!"

ಯಾರೋ ಕಿಸಕ್ಕೆಂದರು. ಗಿಡ ನೋಡಿಕೊಳ್ಳುವವನು ಹಲ್ಲು ಕಚ್ಚಿದ.

ನೀಲಿ ಟಾರ್ಚಿನ ಕೆಳಗೆ ಆರೋಗ್ಯದ ಕೋಣೆಯ ತಂಬಾಕಿನ ಸಸಿಗಳು ಹಸಿರಾಗಿ ಹೊಳೆಯುತ್ತಿದ್ದವು. ಹೊಳೆಯಬಾರದಿತ್ತು. ಆ ಹೊಳಪು ಪ್ರೊಫೆಸರ್ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿಯ ವೈರಸ್ಸಿನದು; ಗುರುತು ಸಿಗಲೆಂದು ಅದಕ್ಕೆ ಹೊಳೆಯುವ ಗುಣ ಸೇರಿಸಿದ್ದರು. ರೋಗದ ಕೋಣೆಯಲ್ಲಿ ಅದನ್ನು ಎಲೆಗೆ ಸವರಿ, ಒಂದು ಜೀವಕೋಶದಿಂದ ಪಕ್ಕದ್ದಕ್ಕೆ ಅದು ಹೇಗೆ ನುಸುಳುತ್ತದೆ ಅಂತ ಅವಳು ಮೂರು ವರ್ಷದಿಂದ ನೋಡುತ್ತಿದ್ದಳು. ಹೋಲಿಸಲು ಇಟ್ಟ ಶುದ್ಧ ಸಸಿಗಳೇ ಕೆಟ್ಟ ಮೇಲೆ ಈ ವರ್ಷದ ಕೆಲಸವೆಲ್ಲ ಮಣ್ಣುಪಾಲು.

ಅವಳು ಪ್ರೊಫೆಸರ್ ಪಕ್ಕದಲ್ಲೇ ಇದ್ದಳು. ಕಣ್ಣು ನೆಲದಲ್ಲಿ.

ಹೋದ ಮಂಗಳವಾರ ಅವನು ಇದೇ ಕೋಣೆಯಲ್ಲಿ ನೀರು ಹಾಕುತ್ತಿದ್ದಾಗ, ಅವಳು ರೋಗದ ಕೋಣೆಯಿಂದ ನೇರ ಓಡಿಬಂದಿದ್ದಳು.

"ಸಿಡುಕಪ್ಪಾ, ಸಿಕ್ತು ಕಣೋ! ಜೀವಕೋಶದ ಗೋಡೆಗಳಲ್ಲಿ ಸಣ್ಣ ಕಿಂಡಿ ಇರತ್ತಲ್ಲ, ವೈರಸ್ ಅದನ್ನ ಅಗಲ ಮಾಡ್ಕೊಂಡು ಹೋಗತ್ತೆ. ನಿನ್ನ ಹಾಗೆ ಬೈಕೊಂಡಲ್ಲ, ಮೆತ್ತಗೆ."

"ನಾನ್ಯಾವ ಗೋಡೆ ದಾಟಿದೀನಿ?"

"ಅದನ್ನೂ ನನ್ನನ್ನೇ ಕೇಳ್ತೀಯಾ?"

ಓರೆಗಣ್ಣಲ್ಲಿ ನಕ್ಕು ಅವನ ಕೆನ್ನೆ ಮುಟ್ಟಿದಳು. ಇನ್ನೊಂದು ಕೈ ಸುಮ್ಮನೆ ಸಸಿಗಳ ಮೇಲೆ ಆಡುತ್ತಿತ್ತು. ಗ್ಲೌಸ್ ಇರಲಿಲ್ಲ, ಬೆರಳಿಗೆ ರೋಗದ ಎಲೆಯ ರಸ ಅಂಟಿತ್ತು. ಅವನು ನೋಡಿದ. ಹೇಳಿದರೆ ಕೆನ್ನೆಯ ಮೇಲಿನ ಕೈ ಹೋಗಿಬಿಡುತ್ತಿತ್ತು. ಹೇಳಲಿಲ್ಲ.

"ನೀನಲ್ದೆ ಇನ್ಯಾರೋ? ಬಾಯಿ ಬಿಡು!" ಪ್ರೊಫೆಸರ್ ಮತ್ತೆ ಗದರಿದರು.

ಅವನು ಅವಳ ಕಡೆ ನೋಡಿದ. ನಾನೂ ಇದ್ದೆ ಅಂತ ಅವಳು ಅಂದರೆ ಸಾಕು, ಅರ್ಧ ತಪ್ಪು ಅವನೂ ಹೊರುತ್ತಿದ್ದ.

"ಸರ್..." ಅಂದಳು.

"ಏನಮ್ಮಾ?"

"ಈ ಗಿಡಗಳನ್ನ... ಇವತ್ತೇ ಸುಟ್ಟುಬಿಡೋಣ್ವಾ ಸರ್?"

ನಾಳೆಯಿಂದ ಬರಬೇಡ ಅಂತ ಪ್ರೊಫೆಸರ್ ಹೇಳಿದ್ದು ಅವನಿಗೆ ಎಲ್ಲೋ ದೂರದಲ್ಲಿ ಕೇಳಿಸಿತು.

ಹೊರಗೆ ನಲ್ಲಿಯ ಹತ್ತಿರ ಅವಳು ಏದುಸಿರು ಬಿಡುತ್ತಾ ಅಡ್ಡ ಬಂದಳು.

"ನನ್ನ ಪಿಎಚ್‌ಡಿ ಹೋಗ್ತಿತ್ತು ಕಣೋ. ಅಮ್ಮ ತಡ್ಕೊಳ್ತಿರ್ಲಿಲ್ಲ. ನಿನಗೆ ಕೆಲಸ ಎಲ್ಲಾದ್ರೂ ಸಿಗತ್ತೆ." ಒಂದು ಹೆಜ್ಜೆ ಹತ್ತಿರ ಬಂದಳು. "ನಿನ್ನನ್ನ ಪ್ರೀತಿಸ್ತೀನಿ. ಅದಂತೂ ಸುಳ್ಳಲ್ಲ. ಏನಾದ್ರೂ ಅನ್ನೋ. ಒಂದೆರಡು ಬೈದುಬಿಡು."

ಅವಳ ಕಣ್ಣಲ್ಲಿ ನೀರಿತ್ತು. ಒರೆಸಲು ಅವನ ಕೈ ಅರ್ಧ ಎದ್ದಿತು. ಒಳಗೆ ಪ್ರೊಫೆಸರ್ ಇನ್ನೂ ಇದ್ದರು, ಬಾಗಿಲೂ ತೆರೆದೇ ಇತ್ತು; ನಿಜ ಹೇಳಲು ಅವಳಿಗೆ ಈಗಲೂ ನಾಲ್ಕು ಹೆಜ್ಜೆ ಸಾಕಿತ್ತು. ಅವನು ಕೈ ಇಳಿಸಿ, ಚಪ್ಪಲಿ ಮೆಟ್ಟಿ, ಗೇಟಿನ ಕಡೆ ನಡೆದ.